ಇಂಜಿನ್ ಸದ್ದಿನ ಮರೆಯಲ್ಲಿ

ಊರಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಕಾರು ಓಡಿಸುವವರು ಯಾರು ಎಂದು ಕೇಳಿದರೆ ಚಿಕ್ಕ ಮಕ್ಕಳೂ ಮೆಲ್ಲಣ್ಣನ ಕಡೆ ಬೆರಳು ತೋರಿಸುತ್ತಿದ್ದ ಕಾಲವೊಂದಿತ್ತು. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿ ಹೋಗುವಾಗ ಕೈಬೀಸುತ್ತಿದ್ದರು. ಹಿಂದಿನಿಂದ ಬರುವ ಲಾರಿಯವರು ಹಾರ್ನ್ ಒತ್ತಿ ಒತ್ತಿ ಸಾಕಾಗಿ, ಪಕ್ಕಕ್ಕೆ ಬಂದು, ಕಿಟಕಿಯಿಂದ ತಲೆ ಹೊರಹಾಕಿ ಅವನ ವಂಶದ ಬಗ್ಗೆ ನಾಲ್ಕು ಮಾತಾಡಿ ಮುಂದೆ ಹೋಗುತ್ತಿದ್ದರು. ಮೆಲ್ಲಣ್ಣ ಅದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ. ಅವನು ಹೆದರಿ ಹಾಗೆ ಓಡಿಸುತ್ತಿರಲಿಲ್ಲ. ಅವನ ಕಸುಬೇ ಅದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು, ಆ ಹೆಸರಿನಿಂದ ಅವನನ್ನು ಯಾರೂ ಕರೆಯುತ್ತಿರಲಿಲ್ಲ.

ಇಂಜಿನ್ ಸವೆದು ಹೊಗೆ ಉಗುಳತೊಡಗಿದಾಗ ಅದನ್ನು ಬಿಚ್ಚಿ, ಸಿಲಿಂಡರಿನ ಒಳಮೈ ಕೊರೆದು ನುಣುಪು ಮಾಡಿ, ಹೊಸ ಪಿಸ್ಟನ್ನು, ಹೊಸ ರಿಂಗು ಕೂರಿಸುತ್ತಾರೆ. ಬೋರು ಮಾಡಿಸುವುದು ಎನ್ನುತ್ತಾರಲ್ಲ, ಅದು. ಹಾಗೆ ಜೋಡಿಸಿದ ಇಂಜಿನ್ನಿಗೆ ತನ್ನ ಮೈ ತನಗೇ ಹೊಸದು. ಪಿಸ್ಟನ್ನಿಗೂ ಸಿಲಿಂಡರಿಗೂ ಇನ್ನೂ ಪರಿಚಯವಾಗಿರುವುದಿಲ್ಲ. ಜೋರಾಗಿ ಓಡಿಸಿದರೆ ಒಂದನ್ನೊಂದು ಗೀರಿಕೊಳ್ಳುತ್ತವೆ, ತೀರಾ ಮುದ್ದು ಮಾಡಿದರೆ ರಿಂಗು ಕೂರುವುದೇ ಇಲ್ಲ. ಸ್ವಲ್ಪ ಏರು, ಸ್ವಲ್ಪ ಇಳಿಜಾರು, ಈಗ ಎರಡನೇ ಗೇರು, ಈಗ ಮೂರನೆಯದು, ಒಂದೇ ವೇಗದಲ್ಲಿ ಹೆಚ್ಚು ಹೊತ್ತು ಬೇಡ, ಅವಸರ ಮಾತ್ರ ಬೇಡವೇ ಬೇಡ. ಹೀಗೆ ಕೆಲವು ದಿನ ಓಡಿಸಿ ಇಂಜಿನ್ನನ್ನು ಪಳಗಿಸಬೇಕು. ಕಾರಿನ ಮಾಲೀಕರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಆದ್ದರಿಂದ ಗ್ಯಾರೇಜಿನ ಯಜಮಾನ ಬೋರು ಮಾಡಿದ ಪ್ರತಿ ಕಾರನ್ನೂ ಮೆಲ್ಲಣ್ಣನ ಕೈಗೆ ಕೊಡುತ್ತಿದ್ದ. ಊರಿನ ಅರ್ಧ ಕಾರುಗಳು ಮೊದಲು ಅವನ ಮಾತು ಕೇಳಿ, ಆಮೇಲೆ ತಮ್ಮ ಮಾಲೀಕರ ಮಾತು ಕೇಳಿದವು.

ಬೆಳಗಿನ ಹೊತ್ತು, ರಸ್ತೆ ಇನ್ನೂ ಆಕಳಿಸುತ್ತಿರುವಾಗ, ಅವನು ಹೊರಡುತ್ತಿದ್ದ. ಗ್ಯಾರೇಜು ದಾಟಿ, ಹಿಟ್ಟಿನ ಗಿರಣಿ ದಾಟಿ, ಕಾಲುವೆಯ ಏರಿ ಹಿಡಿದು, ನೀರಿನ ಟ್ಯಾಂಕಿನ ದಿಣ್ಣೆ ಹತ್ತಿ, ಆ ಕಡೆಯ ಇಳಿಜಾರಿನಲ್ಲಿ ಇಳಿದು ಬಯಲಿಗೆ. ಪಕ್ಕದ ಸೀಟಿನಲ್ಲಿ ಹೆಂಡತಿ.

ಹೆಂಡತಿ ಯಾಕೆ ಎಂದರೆ, ಅದಕ್ಕೂ ಯಜಮಾನನೇ ಕಾರಣ. ಮೆಲ್ಲಣ್ಣನ ಮದುವೆಯಾದ ಹೊಸದು. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮುಂದಿನ ಕೋಣೆಯಲ್ಲಿ ಅವನ ಅಮ್ಮನ ಮಂಚ, ನಡುವಿನದರಲ್ಲಿ ತಮ್ಮನ ಸಂಸಾರ, ಅಡುಗೆಮನೆಗೆ ಅಂಟಿದ ಸಣ್ಣ ಕೋಣೆ ಇವರಿಬ್ಬರದು. ಗೋಡೆ ಹೆಸರಿಗೆ ಮಾತ್ರ ಗೋಡೆ, ಹಲಗೆ ಹೊಡೆದು ಬಣ್ಣ ಬಳಿದದ್ದು. ಈ ಕಡೆ ಮಗ್ಗುಲು ಬದಲಿಸಿದರೆ ಆ ಕಡೆ ಯಾರಾದರೂ ಕೆಮ್ಮುತ್ತಿದ್ದರು. ಅಮ್ಮನ ಕಿವಿಯಂತೂ ಬಲು ಚುರುಕು. ಪಾತ್ರೆ ಇಟ್ಟ ಸದ್ದಿನಲ್ಲೇ ಸೊಸೆಯ ಸಿಟ್ಟನ್ನು ಅಳೆಯುವ ಹೆಂಗಸು. ಮದುಮಗನ ಸಪ್ಪೆ ಮೋರೆ ನೋಡಲಾರದೆ ಯಜಮಾನ ಒಂದು ದಿನ ಕಣ್ಣು ಹೊಡೆದು ಹೇಳಿದ. "ಕಾರು ಖಾಲಿ ಹೋಗಬಾರ್ದು ಕಣೋ. ಸ್ವಲ್ಪ ಭಾರ ಇದ್ರೆ ರಿಂಗು ಚೆನ್ನಾಗಿ ಕೂರುತ್ತೆ. ನಿನ್ನ ಹೆಂಡ್ತೀನ ಕರ್ಕೊಂಡು ಹೋಗು."

ಅವಳು ಖುಷಿಯಿಂದಲೇ ಹತ್ತಿ ಕೂತಳು. ಗಿರಣಿ ದಾಟುವ ಮೊದಲೇ ಅವಳ ಮಾತು ಶುರುವಾಯಿತು. ಎಷ್ಟು ದಿನದಿಂದ ಕಟ್ಟಿಟ್ಟ ಮಾತೋ ಏನೋ. ಮೆಲ್ಲಣ್ಣ ಕಿವಿಯನ್ನು ಬಾನೆಟ್ಟಿನ ಕಡೆ ತಿರುಗಿಸಿ, "ಸ್ವಲ್ಪ ಸುಮ್ನಿರೇ, ಇದು ಏನೋ ಹೇಳ್ತಿದೆ," ಎಂದ. ಇದು ಹೊಸ ಹೆಂಡತಿಗೆ ಹೇಳುವ ಮಾತೇ? ಆದರೆ ಹೇಳಿಬಿಟ್ಟ. ಅವಳು ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.

ಹಾಗಂತ ಅವಳು ಬರುವುದನ್ನು ನಿಲ್ಲಿಸಲಿಲ್ಲ. ಪ್ರತಿ ಹೊಸ ಇಂಜಿನ್ನಿಗೂ ಬಂದಳು. ಮಗಳು ಹುಟ್ಟಿದ ಮೇಲೆ ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಳು. ಕಿಟಕಿಗೆ ತಲೆ ಆನಿಸಿ ಕೂತಿರುತ್ತಿದ್ದಳು. ತುಟಿ ಆಗಾಗ ಅಲ್ಲಾಡುತ್ತಿತ್ತು. ಏನೋ ಹಾಡು ಗುನುಗುತ್ತಾಳೆ ಎಂದುಕೊಂಡ ಮೆಲ್ಲಣ್ಣ. ಅವನ ಗಮನವೆಲ್ಲ ಇಂಜಿನ್ನಿನ ಮೇಲೆ. ಮೊದಮೊದಲು ಬಿಗಿಯಾಗಿ, ಮುನಿಸಿಕೊಂಡು ಮಾತಾಡುವ ಇಂಜಿನ್ನು ದಿನ ಕಳೆದಂತೆ ಗಂಟಲು ಸಡಿಲಿಸುತ್ತದೆ. ಒಂದು ಬೆಳಿಗ್ಗೆ ದಿಣ್ಣೆ ಹತ್ತುವಾಗ ಇದ್ದಕ್ಕಿದ್ದಂತೆ ಅದರ ದನಿ ದುಂಡಗಾಗುತ್ತದೆ. ಆ ಗಳಿಗೆಗಾಗಿ ಅವನು ಕಾಯುತ್ತಿದ್ದ. ಅದು ಬಂದಾಗ ಅವನಿಗೆ ಬದುಕಿನಲ್ಲಿ ಇನ್ನೇನೂ ಬೇಡ ಅನಿಸುತ್ತಿತ್ತು. ಪಕ್ಕದಲ್ಲಿ ಹೆಂಡತಿ, ಮುಂದೆ ಮಂಜಿನ ರಸ್ತೆ, ಸುತ್ತ ಆ ಗುಂಯ್ಗುಡುವ ಸದ್ದು. ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ತೇಲಿದ ಹಾಗೆ. "ನಮ್ಮಿಬ್ಬರಿಗೆ ಮಾತೇ ಬೇಕಾಗಿಲ್ಲ," ಎಂದು ಗ್ಯಾರೇಜಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದ. ಪಾಪ, ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಬೇಕಾಗಿರಲಿಲ್ಲ.

ಆಮೇಲೆ ಕರೆಂಟಿನ ಕಾರುಗಳು ಬಂದವು. ಮೊದಲು ಒಂದೋ ಎರಡೋ. ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ನೋಡನೋಡುತ್ತ ಬೀದಿ ತುಂಬ ಅವೇ ಆದವು. ಅವು ಬರುವುದೂ ತಿಳಿಯದು, ಹೋಗುವುದೂ ತಿಳಿಯದು. ಕಿಟಕಿಯ ಬಳಿ ಕೂತು ನೋಡಿದರೆ ನೀರಿನೊಳಗೆ ಮೀನು ಓಡಾಡಿದ ಹಾಗೆ ಕಾಣುತ್ತಿತ್ತು. ಗ್ಯಾರೇಜಿನ ಬೆಂಚಿನ ಮೇಲೆ ಇಂಜಿನ್ನಿನ ಭವಿಷ್ಯದ ಬಗ್ಗೆ ದಿನವೂ ಚರ್ಚೆ. ಹಡಗಿಗೆ ಇರುತ್ತೆ ಎಂದು ಪೇಂಟರು ಹೇಳಿದ. ಕರೆಂಟು ಹೋಗದ ಗುಡ್ಡಗಾಡಿಗೆ ಇದ್ದೇ ಇರುತ್ತೆ ಎಂದು ಟೈರಿನವನು ಹೇಳಿದ. ಬೇರೆ ಎಣ್ಣೆ ಕಂಡುಹಿಡೀತಾರಂತೆ, ಹೊಗೆ ಇಲ್ಲದ್ದು ಎಂದು ಇನ್ನೊಬ್ಬ. ಯಜಮಾನ ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲೆಲ್ಲ ಇರ್ಲಿ ಬಿಡ್ರಪ್ಪ, ಸಂತೋಷ. ನಮ್ಮ ಬೀದೀಲಿ ಇರುತ್ತಾ, ಅದನ್ನ ಹೇಳಿ," ಎಂದ.

ಒಬ್ಬ ಹಲ್ಲಿನ ಡಾಕ್ಟರು ತಮ್ಮ ಹಳೆಯ ಕಾರಿನ ಮೇಲೆ ಜೀವ ಇಟ್ಟುಕೊಂಡಿದ್ದರು. ಅದರದೇ ಕೊನೆಯ ಬೋರು. ಮೆಲ್ಲಣ್ಣ ಅದನ್ನು ಪಳಗಿಸಿ ತಂದು ನಿಲ್ಲಿಸಿದ ಮೇಲೆ ಯಜಮಾನ ಕೊರೆಯುವ ಯಂತ್ರವನ್ನು ಒರೆಸಿ, ಎಣ್ಣೆ ಹಚ್ಚಿ, ಹಾಸಿಗೆಯ ಹಳೇ ಹೊದಿಕೆಯೊಂದನ್ನು ಅದರ ಮೇಲೆ ಹೊದಿಸಿದ. ನಂತರ ಗ್ಯಾರೇಜಿನಲ್ಲಿ ಟೈರು ಬದಲಿಸುವ, ಗಾಜು ಹಾಕುವ ಕೆಲಸ ನಡೆಯಿತು. ಹೊಟ್ಟೆಪಾಡಿಗೆ ತೊಂದರೆಯಾಗಲಿಲ್ಲ. ಪಳಗಿಸುವ ಕೆಲಸ ಮಾತ್ರ ಇಲ್ಲವಾಯಿತು. ಕರೆಂಟಿನ ಮೋಟರು ಹುಟ್ಟುತ್ತಲೇ ಪಳಗಿ ಬಂದಿರುತ್ತದೆ, ಅದಕ್ಕೆ ಯಾರ ಹಂಗೂ ಇಲ್ಲ.

ಮೆಲ್ಲಣ್ಣ ಇದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ವಯಸ್ಸಾಗಿತ್ತು, ಸೊಂಟವೂ ಆಗಾಗ ತಕರಾರು ತೆಗೆಯುತ್ತಿತ್ತು. ಕನಸಿನಲ್ಲಿ ಇಂಜಿನ್ನುಗಳು ಬಂದು ಹೋಗುತ್ತಿದ್ದವು, ಬೆಳಿಗ್ಗೆ ಎದ್ದಾಗ ಕಿವಿಯಲ್ಲಿ ಅವುಗಳ ಬಿಸಿ ಉಳಿದಿರುತ್ತಿತ್ತು, ಅಷ್ಟೇ. ಅವನನ್ನು ಹೆದರಿಸಿದ್ದು ಹೆಂಡತಿ.

ಅವಳು ಬರಬರುತ್ತ ಮಾತು ಕಡಿಮೆ ಮಾಡಿದಳು. ಮನೆಯಲ್ಲಿ ಈಗಲೂ ಜನಕ್ಕೆ ಬರವಿರಲಿಲ್ಲ. ಅಮ್ಮ ತೀರಿಕೊಂಡಿದ್ದಳು, ಆದರೆ ಮಗಳು, ಅಳಿಯ, ಮೊಮ್ಮಕ್ಕಳು, ತಮ್ಮನ ಸಂಸಾರ ಎಲ್ಲ ಅದೇ ಹಲಗೆಯ ಗೋಡೆಗಳ ನಡುವೆಯೇ ಇದ್ದರು. ಅಷ್ಟು ಜನರ ನಡುವೆ ಅವಳು ಕೈಯಲ್ಲಿ ಚಮಚ ಹಿಡಿದು ನಿಂತಲ್ಲೇ ನಿಂತುಬಿಡುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಗೊತ್ತಾಗುತ್ತಿರಲಿಲ್ಲ. ತಟ್ಟೆಗೆ ಬಡಿಸಿಕೊಂಡದ್ದು ಅರ್ಧಕ್ಕರ್ಧ ಹಾಗೇ ಉಳಿಯುತ್ತಿತ್ತು. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಮೈ ಇಳಿದು ರವಿಕೆಯ ತೋಳು ಜೋತುಬಿತ್ತು. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ಎಲ್ಲ ಸರಿಯಾಗಿದೆ ಎಂದರು. "ಏನಾಗ್ತಿದೆಯೇ?" ಎಂದು ಮೆಲ್ಲಣ್ಣ ಕೇಳಿದರೆ, "ಏನಿಲ್ಲಾರೀ," ಎನ್ನುತ್ತಿದ್ದಳು. ಏನಿಲ್ಲದೆ ಮನುಷ್ಯರು ಹೀಗೆ ಕರಗುತ್ತಾರೆಯೇ? ಅವಳು ತನ್ನ ಕಣ್ಣೆದುರೇ ಕೈಬಿಟ್ಟು ಹೋಗುತ್ತಿದ್ದಾಳೆ ಅನಿಸುತ್ತಿತ್ತು ಅವನಿಗೆ.

ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದೂರದ ಓಡಾಟಕ್ಕೆಂದು ಅವಳೂ ಒಂದು ಕರೆಂಟಿನ ಕಾರು ತಂದಳು. ಮನೆಮಂದಿಯೆಲ್ಲ ಅದರ ಸುತ್ತ ನಿಂತಾಗ ಮೆಲ್ಲಣ್ಣ ಕನ್ನಡಕ ಸರಿಮಾಡಿಕೊಂಡು, "ಇದನ್ನ ಕೆಲವು ದಿನ ಪಳಗಿಸಬೇಕು," ಎಂದ.

ಅಳಿಯನಿಗೆ ನಗು ತಡೆಯಲಾಗಲಿಲ್ಲ. "ಮಾವ, ಇದ್ರಲ್ಲಿ ಪಿಸ್ಟನ್ನೂ ಇಲ್ಲ, ರಿಂಗೂ ಇಲ್ಲ. ಉಜ್ಜೋ ಸಾಮಾನೇ ಇಲ್ಲ. ಏನನ್ನ ಪಳಗಿಸ್ತೀರಿ?"

"ಸೀಟಾದ್ರೂ ಪಳಗಬೇಕಲ್ಲಪ್ಪ," ಎಂದ ಮೆಲ್ಲಣ್ಣ. ಬೀಗದ ಕೈ ಅವನ ಅಂಗೈಗೆ ಬಂದಾಗಿತ್ತು. ಅವನ ಮನಸ್ಸಿನಲ್ಲಿ ಇದ್ದದ್ದು ಕಾರಲ್ಲ. ಮುಂಚಿನಂತೆ ಪಕ್ಕದಲ್ಲಿ ಕೂರಿಸಿಕೊಂಡು, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಕರೆದುಕೊಂಡು ಹೋದರೆ ಅವಳು ಸರಿಹೋದಾಳು ಎಂಬ ಆಸೆ. ಹೆಂಡತಿಯೂ ಕೂಡಲೇ ಶಾಲು ಹೊದ್ದು ಹೊರಟು ನಿಂತಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಬಣ್ಣ ಕಂಡು ಅವನಿಗೆ ಕುಣಿಯುವಂತಾಯಿತು.

ಕಾರು ಹೊರಟಿತು ಎಂಬುದು ಗಿಡಮರ ಹಿಂದೆ ಸರಿದಾಗಲೇ ತಿಳಿದದ್ದು. ಸೊಳ್ಳೆಯಷ್ಟು ಸಣ್ಣ ಸಿಳ್ಳೆ ಒಂದು, ಅದೂ ಕಿವಿಗೊಟ್ಟರೆ. ಮೆಲ್ಲಣ್ಣ ಅಭ್ಯಾಸಬಲದಿಂದ ಕಿವಿಯನ್ನು ಮುಂದಕ್ಕೆ ಚಾಚಿದ. ಅಲ್ಲಿ ಏನೂ ಇರಲಿಲ್ಲ. ಕಿವಿ ಬರಿಗೈಯಲ್ಲಿ ವಾಪಸು ಬಂತು. ಬರುವಾಗ ದಾರಿಯಲ್ಲಿ ಸಿಕ್ಕ ಸಣ್ಣಪುಟ್ಟ ಸದ್ದುಗಳನ್ನೆಲ್ಲ ಎತ್ತಿಕೊಂಡು ಬಂತು. ಹೆಂಡತಿಯ ಶಾಲು ಸೀಟಿಗೆ ತಾಗುವ ಸದ್ದು, ಬಳೆ ಜರುಗಿದ ಸದ್ದು, ಅವಳು ಉಸಿರು ಎಳೆದುಕೊಂಡು, ಹಿಡಿದು, ಬಿಟ್ಟ ಸದ್ದು. ಇಷ್ಟು ವರ್ಷದಲ್ಲಿ ಅವಳ ಉಸಿರನ್ನು ಅವನು ಕಾರಿನಲ್ಲಿ ಕೇಳಿರಲಿಲ್ಲ. ಅವಳೂ ಅವನ ಕಡೆ ಒಮ್ಮೆ ನೋಡಿದಳು. ಬಾಯಿ ತೆರೆದಂತೆ ಮಾಡಿ ಮುಚ್ಚಿದಳು. ಮಡಿಲಲ್ಲಿ ಕೈ ಬಿಗಿದುಕೊಂಡಳು. ಕಾಲುವೆ ಏರಿಗೆ ಬರುವ ಹೊತ್ತಿಗೆ ಮುಖದ ಬಣ್ಣ ಇಳಿದುಹೋಗಿತ್ತು.

"ಮನೆಗೆ ಹೋಗೋಣ," ಎಂದಳು.

ಮರುದಿನವೂ ಹಾಗೇ. ಅದರ ಮರುದಿನ ಅವಳು ತಲೆನೋವೆಂದು ಬರಲೇ ಇಲ್ಲ. ಮೆಲ್ಲಣ್ಣ ಕಾರು ತೊಳೆಯುತ್ತಿದ್ದ ಮಗಳ ಬಳಿ ಹೋಗಿ ನಿಂತು, "ನಿನ್ನ ಕಾರು ನಿಮ್ಮಮ್ಮನಿಗೆ ಹಿಡಿಸ್ಲಿಲ್ಲ ಕಣೇ. ಮುಂಚೆ ಹಾಡು ಗುನುಗ್ತಾ ಕೂತಿರ್ತಿದ್ಲು. ಈಗ ತುಟಿ ಬಿಚ್ಚಲ್ಲ," ಎಂದ.

ಮಗಳು ಒದ್ದೆ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. ಅಪ್ಪನನ್ನೇ ನೋಡಿದಳು.

"ಹಾಡಾ? ಅಪ್ಪಾ, ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?"

"ಏನು ಗೊತ್ತಿಲ್ಲ?"

"ಅಮ್ಮ ಹಾಡ್ತಿರ್ಲಿಲ್ಲ. ಮಾತಾಡ್ತಿದ್ಲು. ಹೊರಟಾಗಿಂದ ವಾಪಸು ಬರೋವರ್ಗೂ. ನಾನು ಹಿಂದೆ ಮಲಗಿರ್ತಿದ್ನಲ್ಲ, ಅವಳ ಸೀಟಿನ ಸಂದೀಲಿ ಕಿವಿ ಇಟ್ರೆ ಕೇಳಿಸೋದು. ನಂಗೆ ನಿದ್ದೆ ಬಂದಿದೆ ಅಂದ್ಕೊಂಡಿದ್ಲು."

"ಯಾರ ಹತ್ರ ಮಾತಾಡ್ತಿದ್ಲು?"

"ಇನ್ಯಾರ ಹತ್ರ? ನಿನ್ನ ಹತ್ರಾನೇ. ಮನೇಲಿ ಬಾಯಿ ಬಿಟ್ರೆ ಹತ್ತು ಕಿವಿ. ಕಾರಲ್ಲಿ ಇದ್ದದ್ದು ನಿನ್ನ ಕಿವಿ ಒಂದೇ, ಅದನ್ನ ಇಂಜಿನ್ನು ಹಿಡ್ಕೊಂಡಿತ್ತು. ಅದಕ್ಕೇ ಅವಳಿಗೆ ಧೈರ್ಯ. ಎಲ್ಲಾನೂ ಹೇಳ್ಕೊಳ್ಳೋಳು."

ಮೆಲ್ಲಣ್ಣ ಕಾರಿಗೆ ಒರಗಿದ. ಕಾರು ಒದ್ದೆಯಾಗಿದೆ ಎಂಬುದು ಅಂಗಿ ನೆನೆದ ಮೇಲೆ ತಿಳಿಯಿತು. "ನನ್ನ ಬೈತಿದ್ಲಾ?"

"ಬೈತಿದ್ಲು. ನಿನ್ನ ಬೈತಿದ್ಲು, ಅಜ್ಜೀನೂ ಬೈತಿದ್ಲು. ಆಮೇಲೆ ಅವಳೇ ಏನೋ ನೆನೆಸ್ಕೊಂಡು ನಗೋಳು." ಮಗಳು ದನಿ ತಗ್ಗಿಸಿದಳು. "ಎಲ್ಲಕ್ಕಿಂತ ಹೆಚ್ಚಾಗಿ ನಮ್ಮಣ್ಣನ ಸುದ್ದಿ. ನನಗಿಂತ ಮುಂಚೆ ಒಬ್ಬ ಹುಟ್ಟಿ ಹೋದ್ನಲ್ಲ. ಅವನನ್ನ ಹೆಸರು ಹಿಡಿದು ಕರೆಯೋಳು. ಇಷ್ಟು ದೊಡ್ಡವನಾಗಿರ್ತಿದ್ದ, ಶಾಲೆಗೆ ಹೋಗ್ತಿದ್ದ, ಈಗ ಮೀಸೆ ಬಂದಿರೋದು ಅಂತೆಲ್ಲ ಹೇಳೋಳು."

"ಹೆಸರು?" ಎಂದ ಮೆಲ್ಲಣ್ಣ. "ಅವನಿಗೆ ಹೆಸರು ಇಟ್ಟಿರ್ಲಿಲ್ಲ."

"ಇಟ್ಟಿದ್ಲು. ಏನು ಅಂತ ನಾನು ಹೇಳಲ್ಲಪ್ಪ. ಅದು ಅವಳು ಹೇಳಬೇಕಾದ್ದು."

ಆ ಮಗು ಕಣ್ಣು ಪೂರ್ತಿ ತೆರೆದು ನೋಡುವ ಮೊದಲೇ ಹೊರಟುಹೋಗಿತ್ತು. ನಿಲ್ಲದೆ ಹೋದದ್ದಕ್ಕೆ ಹೆಸರು ಯಾಕೆ, ಇನ್ನು ಈ ಮನೆಯಲ್ಲಿ ಯಾರೂ ಆ ಮಾತು ಎತ್ತಬೇಡಿ, ಮರೆತರೆ ಅವಳಿಗೇ ಒಳ್ಳೆಯದು ಎಂದು ಮೆಲ್ಲಣ್ಣನ ಅಮ್ಮ ಹೇಳಿದ್ದಳು. ಯಾರೂ ಎತ್ತಲಿಲ್ಲ. ಮೆಲ್ಲಣ್ಣನೂ ಎತ್ತಲಿಲ್ಲ. ಅಮ್ಮನ ಮಾತು ಮೀರಿದವನಲ್ಲ ಅವನು. ಹೆಂಡತಿ ಕಣ್ಣೀರು ಹಾಕುವುದನ್ನು ನಿಲ್ಲಿಸಿದಾಗ ಮರೆತಳು ಎಂದುಕೊಂಡ. ತಾನೂ ಮರೆತಿದ್ದೇನೆ ಎಂದುಕೊಂಡ. ಈಗ ತಿಳಿಯಿತು, ಅವಳ ಪಾಲಿಗೆ ಆ ಮಗ ಬೆಳೆದದ್ದೆಲ್ಲ ಕಾರಿನಲ್ಲಿ. ಕೊನೆಯ ಇಂಜಿನ್ನು ನಿಂತ ದಿನದಿಂದ ಅವನಿಗೆ ಇರಲು ಜಾಗವಿಲ್ಲದೆ ಹೋಗಿದೆ.

ಅಂದೆಲ್ಲ ಮೆಲ್ಲಣ್ಣನಿಗೆ ನಾಚಿಕೆ, ಸಿಟ್ಟು, ಸಂಕಟ ಒಂದರ ಮೇಲೊಂದು ಬಂದವು. ಸಿಟ್ಟು ಯಾರ ಮೇಲೆ ಎಂದು ಯೋಚಿಸಿದರೆ ತನ್ನ ಮೇಲೆಯೇ ಬಂದು ನಿಲ್ಲುತ್ತಿತ್ತು. ಈಗ ಅವಳ ಮಾತು ಕೇಳಬೇಕು ಎಂದು ಜೀವ ಹಾತೊರೆಯಿತು. ಈಗಿನ ಕಾರಿನಲ್ಲಿ ಪಿಸುಗುಟ್ಟಿದರೂ ಕೇಳೀತು. ಆದರೆ ಕೇಳುತ್ತದೆ ಎಂಬ ಕಾರಣಕ್ಕೇ ಅವಳು ಹೇಳುವುದಿಲ್ಲ. ಎಂಥ ಫಜೀತಿ ನೋಡಿ. ಸಂಜೆ ಅವಳು ಬಟ್ಟೆ ಮಡಚುವಾಗ ಹತ್ತಿರ ಕೂತು, "ಏನಾದ್ರೂ ಹೇಳೋದಿದ್ರೆ ಹೇಳೇ," ಎಂದ. ನಡುವಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. "ಏನಿಲ್ಲಾರೀ," ಎಂದಳು ಅವಳು.

ಬೆಳಗಾಗುತ್ತಲೇ ಗ್ಯಾರೇಜಿಗೆ ಹೋಗಿ, ಹಳೇ ಇಂಜಿನ್ನಿನ ಯಾವುದಾದರೂ ಕಾರು ಇದೆಯೇ ಎಂದು ಕೇಳಿದ. ಹಲ್ಲಿನ ಡಾಕ್ಟರೂ ಕಾರು ಕೊಟ್ಟುಬಿಟ್ಟರಂತೆ. ಯಜಮಾನ ತಲೆ ಕೆರೆದುಕೊಂಡ. "ಹುಲ್ಲು ಕತ್ತರಿಸೋ ಮಷೀನಿನ ಇಂಜಿನ್ ಒಂದಿದೆ ಕಣೋ, ಬೇಕಾ?" ಎಂದ. ಹೆಂಡತಿಯನ್ನು ಹುಲ್ಲು ಕತ್ತರಿಸುವ ಮಷೀನಿನ ಮೇಲೆ ಕೂರಿಸಿಕೊಂಡು ಹೋಗುವುದು ಹೇಗೆ? ಮೆಲ್ಲಣ್ಣ ಬರಿಗೈಯಲ್ಲಿ ಮನೆಗೆ ಬಂದ. ಕಾರಿನಲ್ಲಿ ರೇಡಿಯೋ ಹಾಕಿದರಾದೀತೇ ಎಂದು ಒಂದು ದಿನ ಅದನ್ನೂ ನೋಡಿದ. ರೇಡಿಯೋದೊಳಗಿನ ಮನುಷ್ಯ ತನ್ನ ಮಾತು ಕೇಳಿಸಿಕೊಳ್ಳುತ್ತಾನೋ ಎಂಬಂತೆ ಅವಳು ಇನ್ನಷ್ಟು ಮುದುಡಿ ಕೂತಳು, ದಿಣ್ಣೆ ಬರುವ ಮೊದಲೇ ಕೈಚಾಚಿ ಅದನ್ನು ಆರಿಸಿದಳು.

ಅದಾದ ಮೇಲೆ ಬಂದ ಒಂದು ಬೆಳಿಗ್ಗೆ ದಟ್ಟವಾಗಿ ಮಂಜು ಬಿದ್ದಿತ್ತು. ಗಿರಣಿಯ ಚಿಮಣಿ ಕಾಣುತ್ತಿರಲಿಲ್ಲ, ರಸ್ತೆಯ ದೀಪಗಳು ಆರಲು ಮರೆತು ನಿಂತಿದ್ದವು. ಮೆಲ್ಲಣ್ಣ ಹೇಗೋ ಪುಸಲಾಯಿಸಿ ಹೆಂಡತಿಯನ್ನು ಕೂರಿಸಿಕೊಂಡು ಹೊರಟಿದ್ದ. ಕಾರು ಮಂಜಿನೊಳಗೆ ಸದ್ದಿಲ್ಲದೆ ತೇಲುತ್ತಿತ್ತು. ಕೆಳಗೆ ನೆಲ ಇದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಹಾಗೆ. ಕಾಲುವೆ ಏರಿಯ ಹತ್ತಿರ ಅವನು ಗಂಟಲು ಸರಿಮಾಡಿಕೊಂಡ. ಒಮ್ಮೆ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಆಮೇಲೆ ತುಟಿ ಬಿಗಿದು, ಹೊಟ್ಟೆಯ ಆಳದಿಂದ ಶುರುಮಾಡಿದ.

"ಡುರ್ರ್ರ್... ಡುರ್ರ್... ಗುಂಯ್ಯ್ಯ್..."

ಹೆಂಡತಿ ಬೆಚ್ಚಿ ತಿರುಗಿದಳು. "ಏನ್ರೀ ಆಯ್ತು ನಿಮಗೆ?"

ಅವನು ಉತ್ತರ ಕೊಡಲಿಲ್ಲ. ಕೊಟ್ಟರೆ ಇಂಜಿನ್ನು ನಿಲ್ಲುತ್ತದೆ. ಎಳೆಯ ಮಕ್ಕಳು ಕಾರಾಟ ಆಡುವಾಗ ಮಾಡುವ ಸದ್ದು ಇರುತ್ತದಲ್ಲ, ಇದು ಅಂಥದ್ದಲ್ಲ. ಹೊಸದಾಗಿ ಬೋರು ಮಾಡಿದ ಇಂಜಿನ್ನು ಚಳಿಯಲ್ಲಿ ಎಚ್ಚರಗೊಂಡು, ಬಿಗಿಯಾದ ಗಂಟಲಲ್ಲಿ ಗೊಣಗಿ, ಮೆಲ್ಲಗೆ ಬಿಸಿಯಾಗುವ ಸದ್ದು. ಅದರ ಪ್ರತಿ ಮಗ್ಗುಲೂ ಅವನಿಗೆ ಬಾಯಿಪಾಠ. ಮೊದಲನೇ ಗೇರಿನ ಮುಲುಕು, ಕ್ಲಚ್ಚು ಒತ್ತಿದಾಗಿನ ಸಣ್ಣ ಬಿಡುವು, ಎರಡನೆಯದಕ್ಕೆ ಬಿದ್ದಾಗ ದನಿ ಒಮ್ಮೆ ಕುಸಿದು ಮತ್ತೆ ಏರುವುದು. ಮುದುಕನ ಕೆನ್ನೆ ನಡುಗುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಯಾರಾದರೂ ನೋಡಿದ್ದರೆ ಊರೆಲ್ಲ ನಗುತ್ತಿತ್ತು. ಪುಣ್ಯಕ್ಕೆ ಮಂಜಿತ್ತು. ದಿಣ್ಣೆಯ ಏರು ಮುಗಿದು ರಸ್ತೆ ಸಮವಾಯಿತು, ಅವನು ಇನ್ನೂ ಅದೇ ದನಿ ಹಿಡಿದಿದ್ದ.

"ಎಷ್ಟು ಹೊತ್ತು ಎರಡರಲ್ಲೇ ಎಳೀತೀರಿ?" ಎಂದಳು ಹೆಂಡತಿ. "ಮೂರಕ್ಕೆ ಹಾಕಿ."

ಅವನು ಮೂರಕ್ಕೆ ಹಾಕಿದ. ದನಿ ತಗ್ಗಿ, ಹರಡಿ, ದುಂಡಗಾಯಿತು. ಅವಳು ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಳು. ಭುಜ ಕುಲುಕುವಷ್ಟು ನಕ್ಕಳು. ನಗು ಇಳಿದ ಮೇಲೆ ಬಹಳ ಹೊತ್ತು ಅವನನ್ನೇ ನೋಡಿದಳು. ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಇಂಜಿನ್ನಿನ ಕಡೆಗೇ ಕಿವಿ ಇಟ್ಟವನಂತೆ ಮುಂದೆ ಬಾಗಿ ಕೂತ. ಕೊನೆಗೆ ಅವಳು ಕಿಟಕಿಗೆ ತಲೆ ಆನಿಸಿದಳು. ಗಾಜಿನ ಮೇಲೆ ಅವಳ ಉಸಿರಿನ ಆವಿ ಮೂಡುವುದು, ಅಳಿಯುವುದು ಅವನ ಕಣ್ಣಂಚಿಗೆ ಬಿತ್ತು. ತುಟಿ ಅಲ್ಲಾಡುತ್ತಿತ್ತು.

ಅವನು ಸದ್ದು ಇನ್ನಷ್ಟು ಏರಿಸಿದ. ಕೇಳಬಾರದು. ಕೇಳಬೇಕೆಂದು ಎಷ್ಟೇ ಆಸೆಯಾದರೂ ಕೇಳಬಾರದು, ಅದು ಅವಳದು. ಇಷ್ಟು ಕಾಲ ಗೊತ್ತಿಲ್ಲದೆ ಕೊಟ್ಟಿದ್ದ ಮರೆಯನ್ನು ಇವತ್ತು ಗೊತ್ತಿದ್ದು ಕೊಡಬೇಕು. ಆದರೆ ಇಂಜಿನ್ನಿಗೂ ಮನುಷ್ಯನಿಗೂ ಒಂದು ವ್ಯತ್ಯಾಸವಿದೆ. ಮನುಷ್ಯ ಉಸಿರೆಳೆದುಕೊಳ್ಳಬೇಕು. ಆ ಒಂದೊಂದು ಬಿಡುವಿನಲ್ಲಿ, ಅವನು ಬೇಡವೆಂದರೂ, ಅವಳ ಒಂದೊಂದು ಮಾತು ಬಂದು ಬೀಳುತ್ತಿತ್ತು. ಒಮ್ಮೆ "ನಿಮ್ಮಮ್ಮ" ಎಂದು ಕೇಳಿತು. ಒಮ್ಮೆ "ಮೊಣಕಾಲು" ಎಂದು. ಒಮ್ಮೆ "ಅಷ್ಟು ದೊಡ್ಡ ಕಣ್ಣು" ಎಂದು. ಮೆಲ್ಲಣ್ಣ ಉಸಿರನ್ನು ಚಿಕ್ಕದು ಮಾಡಿದ. ಎದೆ ಉರಿಯಿತು. ಇಳಿಜಾರಿನ ತಿರುವಿನಲ್ಲಿ ಇನ್ನು ತಡೆಯಲಾರದೆ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡ. ಆ ಬಿಡುವಿನಲ್ಲಿ ಒಂದು ಹೆಸರು ಕೇಳಿತು.

ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಅದು ಅವರಿಬ್ಬರದು.

ಇಂಜಿನ್ನು ನಿಂತುಹೋಯಿತು. ಮತ್ತೆ ಶುರುಮಾಡಲು ಅವನು ತುಟಿ ಬಿಗಿದ, ಗಂಟಲಿನಿಂದ ಏನೂ ಬರಲಿಲ್ಲ. ಕಾರನ್ನು ಅಂಚಿಗೆ ತಂದು ನಿಲ್ಲಿಸಿದ. ನಾಲ್ಕೂ ಕಿಟಕಿಗಳಲ್ಲಿ ಬಿಳಿ ಮಂಜು. ಹೆಂಡತಿ ಕಿಟಕಿಯಿಂದ ತಲೆ ಎತ್ತಿ ನೆಟ್ಟಗೆ ಕೂತಿದ್ದಳು. ಕೈ ಮತ್ತೆ ಮಡಿಲಲ್ಲಿ ಬಿಗಿದುಕೊಂಡಿತ್ತು.

"ಕೇಳಿಸ್ತಾ?" ಎಂದಳು.

"ಕೇಳಿಸ್ತು," ಎಂದ ಅವನು. "ಬೇಕೂಂತ ಕೇಳಿದ್ದಲ್ಲ ಕಣೇ. ಉಸಿರು ಸಾಲ್ಲಿಲ್ಲ."

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಇಲ್ಲಿಗೆ ಎಲ್ಲ ಮುಗಿಯಿತು, ಇನ್ನು ಅವಳು ಎಂದೂ ಬಾಯಿ ಬಿಡುವುದಿಲ್ಲ ಎಂದು ಮೆಲ್ಲಣ್ಣನಿಗೆ ಅನಿಸಿತು. ಆದರೂ ಕೇಳಿದ. "ಯಾವಾಗ ಇಟ್ಟೆ ಹೆಸರು?"

"ಆವಾಗ್ಲೇ. ಅವನು ಹೋಗಿ ಇನ್ನೂ ಎದೆಹಾಲು ಬತ್ತಿರ್ಲಿಲ್ಲ. ನೀವು ಯಾವ್ದೋ ಕಾರಲ್ಲಿ ಕೂರಿಸ್ಕೊಂಡು ಈ ರಸ್ತೇಲೇ ಕರ್ಕೊಂಡು ಬಂದ್ರಿ. ಹೆಸರಿಲ್ದೆ ಹೇಗೆ ನೆನೆಸ್ಕೊಳ್ಳೋದು ಅಂತ ಇಟ್ಟೆ." ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಿಮ್ಮನ್ನ ಕೇಳ್ದೆ. ಈ ಹೆಸರು ಚೆನ್ನಾಗಿದೆಯಾ ಅಂತ. ನೀವು 'ಹ್ಞೂಂ' ಅಂದ್ರಿ. ಇಂಜಿನ್‌ಗೇ ಅಂದದ್ದು ಅಂತ ಗೊತ್ತಿತ್ತು ನಂಗೆ. ಆದ್ರೂ ಅಪ್ಪನೂ ಒಪ್ಪಿದ ಹೆಸರು ಅಂತ ಇಟ್ಕೊಂಡೆ."

ಮೆಲ್ಲಣ್ಣನಿಗೆ ಆ ದಿನ ನೆನಪಿರಲಿಲ್ಲ. ಆ ಕಾರಿನ ಬಣ್ಣ ನೆನಪಿರಲಿಲ್ಲ, ಅದರ ದನಿಯೂ ನೆನಪಿರಲಿಲ್ಲ. ಅಷ್ಟೊಂದು ಇಂಜಿನ್ನುಗಳ ಮಾತು ಕೇಳಿಸಿಕೊಂಡವನಿಗೆ ಅವತ್ತಿನದು ಒಂದೂ ಉಳಿದಿರಲಿಲ್ಲ. ಅವನು ಸ್ಟೇರಿಂಗಿನಿಂದ ಕೈ ತೆಗೆದ. ಅವಳ ಕಡೆ ಪೂರ್ತಿಯಾಗಿ ತಿರುಗಿ ಕೂತ.

"ಇನ್ನೊಂದ್ಸಲ ಕೇಳು," ಎಂದ.

ಅವಳು ಅವನ ಮುಖವನ್ನು ನೋಡಿದಳು, ಮಂಜನ್ನು ನೋಡಿದಳು. ಕಾರಿನಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಆಮೇಲೆ, ಮರೆ ಇಲ್ಲದೆ, ಎದುರು ಕೂತ ಮನುಷ್ಯನಿಗೆ ಕೇಳುವಷ್ಟು ಸ್ಪಷ್ಟವಾಗಿ, ಆ ಹೆಸರನ್ನು ಹೇಳಿ, ಚೆನ್ನಾಗಿದೆಯಾ ಎಂದು ಕೇಳಿದಳು.

"ಚೆನ್ನಾಗಿದೆ," ಎಂದ ಮೆಲ್ಲಣ್ಣ. "ತುಂಬ ಚೆನ್ನಾಗಿದೆ." ಮತ್ತೆ ತಾನೂ ಆ ಹೆಸರನ್ನು ಒಮ್ಮೆ ಕರೆದ. ಕರೆದು ರೂಢಿಯಿಲ್ಲದ ಹೆಸರು, ನಡುವೆಯೇ ನಾಲಿಗೆ ತೊಡರಿತು.

ಹೆಂಡತಿ ಶಾಲಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಂದ್ಸಲ ಕರೀರಿ," ಎಂದಳು.